ಅಂಗಳದ ಕರಿಕೋಳಿ: ತಲಶ್ಶೇರಿ ತಳಿಯ ಸಾಕಣೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಕೋಳಿಯ ಕುರಿತು ಲೇಖನವೇ ಎಂದು ಕೆಲವರು ಮೂಗು ಮುರಿಯಬಹುದು. ಕಾಸರಗೋಡಿನ ಕನ್ನಡದ ಅಳಿವು ಉಳಿವಿನ ಬಗ್ಗೆ, 1956ರ ನವೆಂಬರ್ 1ರ ಅನಂತರ ನಾವು ಪಟ್ಟ ಪಾಡಿನ ಬಗ್ಗೆ, ಈ ಶಾಲೆಯ ಕಟ್ಟಡ ಒಂದೊಂದೇ ಕಲ್ಲಾಗಿ ಮೇಲೆದ್ದ ಬಗೆಯ ಬಗ್ಗೆ ನನಗಿಂತ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆದಿರುತ್ತಾರೆ. ಮೂವತ್ತು ವರ್ಷಗಳ ಅಧ್ಯಾಪನದ ಬಳಿಕ 2005ರಲ್ಲಿ ನಿವೃತ್ತನಾದ ನಾನು, ಇದೀಗ ಹದಿನೈದು ವರ್ಷಗಳಿಂದ ದಿನವೂ ಬೆಳಿಗ್ಗೆ ಮತ್ತು ಸಂಜೆ ಮಾಡುತ್ತ ಬಂದಿರುವ ಕೆಲಸವೆಂದರೆ ಕೋಳಿಗೂಡಿನ ಬಾಗಿಲು ತೆರೆಯುವುದು ಮತ್ತು ಮುಚ್ಚುವುದು. ಈ ಅವಧಿಯಲ್ಲಿ ತಿಳಿದುಕೊಂಡ ಕೆಲವು ವಿಷಯಗಳು ನಮ್ಮ ಹಳೆವಿದ್ಯಾರ್ಥಿಗಳಿಗೂ, ಅವರ ಮನೆಯ ತಾಯಂದಿರಿಗೂ ಪ್ರಯೋಜನಕ್ಕೆ ಬಂದಾವು ಎಂಬ ನಂಬಿಕೆಯಿಂದ ಈ ಲೇಖನವನ್ನು ಪಾಠದ ರೂಪದಲ್ಲಿಯೇ ಬರೆಯುತ್ತಿದ್ದೇನೆ. ಮಾಷ್ಟರ ಕೈಯಿಂದ ಬೇರೆ ರೂಪ ಬಂದೀತಾದರೂ ಹೇಗೆ?

ಮೊದಲು ಹೆಸರು. ಕಾಸರಗೋಡಿನಿಂದ ರೈಲು ದಾರಿಯಲ್ಲಿ ದಕ್ಷಿಣಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ತಲಶ್ಶೇರಿ ಪಟ್ಟಣದ ಹೆಸರನ್ನು ಹೊತ್ತ ಕೋಳಿ ಇದು. ಕಣ್ಣೂರು, ಕೋಝಿಕ್ಕೋಡು, ಮಲಪ್ಪುರಂ ಜಿಲ್ಲೆಗಳು ಮತ್ತು ಮಾಹೆ ಇದರ ತವರು. ಹರಿಯಾಣದ ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ನಮ್ಮ ದೇಶದ ದನ, ಆಡು, ಕುರಿ, ಕೋಳಿ ಮೊದಲಾದವುಗಳ ತಳಿಗಳನ್ನು ಗುರುತಿಸಿ ನೋಂದಾಯಿಸುವ ಸಂಸ್ಥೆ. ಅದರ ಪಟ್ಟಿಯಲ್ಲಿ ಆಂಧ್ರದ ಅಸೀಲ್, ಮಧ್ಯಪ್ರದೇಶದ ಕಡಕ್‌ನಾಥ್ ಮುಂತಾದವುಗಳ ಸಾಲಿನಲ್ಲಿ ತಲಶ್ಶೇರಿ ಕೋಳಿಯೂ ಸೇರಿದೆ. ಅಂದರೆ ಸರಕಾರಿ ದಾಖಲೆಯಲ್ಲಿ ಇದು ಬರಿಯ ‘ನಾಡಕೋಳಿ’ ಅಲ್ಲ. ತನ್ನದೇ ಲಕ್ಷಣಗಳುಳ್ಳ ಒಂದು ತಳಿ. ದಾಖಲೆಯಲ್ಲಿ ಸೇರುವುದು ಬೇರೆ, ಅಂಗಳದಲ್ಲಿ ಉಳಿಯುವುದು ಬೇರೆ.

ಸಾಕುಕೋಳಿಯ ಮೂಲವನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಅದರಲ್ಲಿ ನಮ್ಮ ಗುಡ್ಡಕಾಡುಗಳ ಪಾಲೂ ಇದೆ. ಸಾಕುಕೋಳಿಗಳೆಲ್ಲವೂ ಕೆಂಪು ಕಾಡುಕೋಳಿಯ ಸಂತತಿ ಎಂದು ಚಾರ್ಲ್ಸ್ ಡಾರ್ವಿನ್ 1868ರ ತನ್ನ ಗ್ರಂಥದಲ್ಲಿ ವಾದಿಸಿದನು. ಆ ವಾದ ಬಹುಮಟ್ಟಿಗೆ ಇಂದಿಗೂ ನಿಂತಿದೆ. ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯೇ ಮುಖ್ಯ ಮೂಲವೆಂದು ಈಚಿನ ವಂಶವಾಹಿ ಅಧ್ಯಯನಗಳು ತೋರಿಸಿವೆ. ಆದರೆ 2008ರಲ್ಲಿ ಹೊಸ ಸಂಗತಿಯೊಂದು ಬೆಳಕಿಗೆ ಬಂದಿತು. ಅನೇಕ ಸಾಕುಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯದು ಎಂದು ವಿಜ್ಞಾನಿಗಳು ಕಂಡುಹಿಡಿದರು. ಬೂದು ಕಾಡುಕೋಳಿ ಎಂದರೆ ಪಶ್ಚಿಮ ಘಟ್ಟದಲ್ಲಿ, ನಮ್ಮ ಪೂರ್ವದ ಮಲೆಗಳಲ್ಲಿ ಬೆಳಗಿನ ಜಾವ ಕೂಗುವ ಹಕ್ಕಿಯೇ. ಜಗತ್ತಿನ ಎಷ್ಟೋ ದೇಶಗಳ ಕೋಳಿಗಳ ಹಳದಿ ಕಾಲಿನಲ್ಲಿ ದಕ್ಷಿಣ ಭಾರತದ ಕಾಡಿನ ಗುರುತು ಇದೆ ಎಂದಾಯಿತು. ಈ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ ಎಂಬುದನ್ನು ಉರುಳು ಒಡ್ಡುವ ಹುಡುಗರು ನೆನಪಿಡತಕ್ಕದ್ದು.

ಇನ್ನು ತಲಶ್ಶೇರಿ ಕೋಳಿಯ ಲಕ್ಷಣ. ಮೈತುಂಬ ಕಪ್ಪು ಗರಿ. ಬಿಸಿಲಿಗೆ ನಿಂತಾಗ ಕೊರಳು, ಬೆನ್ನು ಮತ್ತು ಬಾಲದ ಗರಿಗಳಲ್ಲಿ ನೀಲಿಯ ಹೊಳಪು ಓಡುತ್ತದೆ. ಜುಟ್ಟು ಕೆಂಪು, ಗರಗಸದ ಹಲ್ಲಿನಂತಿರುವ ಒಂಟಿ ಜುಟ್ಟು. ಕಾಲು ಕಪ್ಪು ಮಿಶ್ರಿತ ಬೂದು. ಗಾತ್ರ ಮಧ್ಯಮ: ಹುಂಜ ಒಂದೂವರೆ ಕಿಲೋ ಆಸುಪಾಸು, ಹೇಂಟೆ ಒಂದೂಕಾಲು ಕಿಲೋ. ಹೇಂಟೆ ಆರು ತಿಂಗಳು ದಾಟಿದ ಮೇಲೆ ಮೊಟ್ಟೆಗೆ ಬರುತ್ತದೆ. ವರ್ಷಕ್ಕೆ 60ರಿಂದ 80 ಮೊಟ್ಟೆ. ಮೊಟ್ಟೆಯ ತೂಕ 40 ಗ್ರಾಂ ಸುಮಾರು, ಸಿಪ್ಪೆ ತೆಳು ಕಂದು. ಕಡಕ್‌ನಾಥಿನೊಡನೆ ಇದನ್ನು ಬೆರೆಸಿ ಮಾತನಾಡುವವರು ಬಹಳ ಮಂದಿ. 2018ರಲ್ಲಿ ಭೌಗೋಳಿಕ ಗುರುತು ಪಡೆದ ಝಾಬುವಾದ ಕಡಕ್‌ನಾಥ್ ಗರಿ ಮಾತ್ರವಲ್ಲ, ಜುಟ್ಟು, ನಾಲಗೆ, ಮಾಂಸ ಎಲ್ಲವೂ ಕಪ್ಪಾಗಿರುವ ಕೋಳಿ. ತಲಶ್ಶೇರಿಯ ಕಪ್ಪು ಹೊರಗಿನದು. ಜುಟ್ಟು ಕೆಂಪಾಗಿಯೇ ಇರುತ್ತದೆ. ಕಪ್ಪು ಕೋಳಿಯ ಮಾಂಸ ಅದಕ್ಕೆ ಮದ್ದು, ಇದಕ್ಕೆ ಮದ್ದು ಎಂದು ಹೇಳಿ ದುಪ್ಪಟ್ಟು ಬೆಲೆಗೆ ಮಾರುವವರಿದ್ದಾರೆ. ಅಂತಹ ಮಾತಿಗೆ ನಾನು ಬೆಲೆ ಕೊಡಲಾರೆ. ಈ ತಳಿಯನ್ನು ಉಳಿಸಲು ಅದರ ನಿಜವಾದ ಗುಣಗಳೇ ಸಾಕು.

“ಮಾಷ್ಟ್ರೇ, ನಮ್ಮಲ್ಲಿ ಕಪ್ಪು ಕೋಳಿ ಉಂಟು, ಅದು ತಲಶ್ಶೇರಿಯೇ ಅಲ್ಲವೋ?” ಎಂದು ಹಳೆಯ ಶಿಷ್ಯರು ಕೇಳುವುದುಂಟು. ಕಪ್ಪಾಗಿದ್ದ ಮಾತ್ರಕ್ಕೆ ಅಲ್ಲ. ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ತಳಿ ಕೆಡುವುದು ಇಲ್ಲಿಯೇ.

ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ಆನುವಂಶಿಕ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು 1902ರಲ್ಲಿ ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಬೇಟ್‌ಸನ್. ಅವನು ಅದಕ್ಕೆ ಆರಿಸಿಕೊಂಡದ್ದು ಕೋಳಿಯ ಜುಟ್ಟನ್ನು. ಒಂಟಿ ಜುಟ್ಟು ‘ಅಡಗುವ’ ಗುಣ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಅಸೀಲ್ ಕೋಳಿಗೆ ಇರುವ, ಮೂರು ಗೆರೆಗಳಂತೆ ತಲೆಗೆ ಅಂಟಿಕೊಂಡ ಬಟಾಣಿ ಜುಟ್ಟು ‘ಮೆರೆಯುವ’ ಗುಣ. ಒಬ್ಬರಿಂದ ಬಂದರೂ ಸಾಕು, ಕಾಣುತ್ತದೆ. ಆದುದರಿಂದ ನಿಮ್ಮ ಕರಿಕೋಳಿಯ ಮರಿಗಳಲ್ಲಿ ಒಂದಕ್ಕಾದರೂ ಚಪ್ಪಟೆ ಜುಟ್ಟು ಬಂದಿದ್ದರೆ ಎಲ್ಲಿಯೋ ಅಂಕದ ಹುಂಜದ ರಕ್ತ ಸೇರಿದೆ ಎಂದು ತಿಳಿಯಬಹುದು. ಕೊರಳು ಬೋಳಾದ ಮರಿ ಬಂದರೂ ಹಾಗೆಯೇ, ಅದೂ ಮೆರೆಯುವ ಗುಣ. ಬಣ್ಣದ ವಿಷಯ ಮಾತ್ರ ಇಷ್ಟು ಸುಲಭವಲ್ಲ. ಮೈತುಂಬ ಕಪ್ಪು ಎಂಬುದೂ ಮೆರೆಯುವ ಗುಣವೇ. ಶುದ್ಧ ಕರಿಹೇಂಟೆಗೆ ಊರಿನ ಕೆಂಪು ಹುಂಜ ಸೇರಿದರೆ ಮರಿಗಳು ಹೆಚ್ಚಿನಂಶ ಕಪ್ಪಾಗಿಯೇ ಹುಟ್ಟುತ್ತವೆ. ಸಾಕುವವರು ಸಂತೋಷಪಡುತ್ತಾರೆ. ಆ ಮರಿಗಳು ಬೆಳೆದು ತಮ್ಮೊಳಗೆ ಕೂಡಿದಾಗ ನಾಲ್ಕರಲ್ಲಿ ಒಂದರಂತೆ ಬೇರೆ ಬಣ್ಣ ಹೊರಬೀಳುತ್ತದೆ. ಅಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ, ಶುದ್ಧ ತಾಯಿಕೋಳಿ ಸಾರಾಗಿರುತ್ತದೆ.

ಇದರ ಜೊತೆಗೆ ಇನ್ನೊಂದು ಮಾತು. ಕರಿಯ ತಳಿಗಳ ಮರಿಗಳಿಗೆ ಹುಟ್ಟುವಾಗ ಹೊಟ್ಟೆಯ ಕೆಳಗೆ, ರೆಕ್ಕೆಯ ತುದಿಯಲ್ಲಿ ಬಿಳಿಯ ಛಾಯೆ ಇರುವುದು ಸಹಜ. ಅದನ್ನು ಕಂಡು ಬೆರಕೆಯೆಂದು ತಳ್ಳಿಬಿಡಬಾರದು. ಗರಿ ಬದಲಾಗುವ ತನಕ ಕಾಯಬೇಕು.

ಶುದ್ಧ ತಳಿ ಬೇಕಾದವರು ಏನು ಮಾಡತಕ್ಕದ್ದು? ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಎಂಬ ಲೆಕ್ಕ ಸಾಮಾನ್ಯವಾಗಿ ಸರಿ. ಮರಿ ಮಾಡಿಸಲು ಮೊಟ್ಟೆ ಸಂಗ್ರಹಿಸುವ ದಿನಗಳಲ್ಲಿ ಹೇಂಟೆಗಳನ್ನು ಬಲೆಯ ಒಳಗೆ ತಮ್ಮದೇ ಹುಂಜದ ಜೊತೆ ಇಡಬೇಕು. ಉಳಿದ ದಿನ ತಿರುಗಾಡಲು ಬಿಟ್ಟರೆ ಅಡ್ಡಿಯಿಲ್ಲ. ಇಲ್ಲಿ ಹೆಚ್ಚಿನವರಿಗೆ ತಿಳಿಯದ ವಿಚಾರವೊಂದಿದೆ. ಹೇಂಟೆಯ ದೇಹದಲ್ಲಿ ಹುಂಜದ ಬೀಜ ಎರಡರಿಂದ ಮೂರು ವಾರ ಜೀವಂತವಾಗಿರುತ್ತದೆ. ನಿನ್ನೆಯ ತನಕ ನೆರೆಮನೆಯ ಹುಂಜದ ಜೊತೆಗಿದ್ದ ಹೇಂಟೆಯನ್ನು ಇವತ್ತು ಶುದ್ಧ ಹುಂಜದ ಜೊತೆ ಇಟ್ಟು ನಾಳೆ ಮೊಟ್ಟೆ ಎತ್ತಿಟ್ಟರೆ ಪ್ರಯೋಜನವಿಲ್ಲ. ಮೂರು ವಾರ ಕಾಯಬೇಕು. ಆ ಮೂರು ವಾರಗಳ ಮೊಟ್ಟೆ ಅಡುಗೆಮನೆಗೆ. ಹಾಗೆಯೇ ಒಂದೇ ಹುಂಜವನ್ನು ಅದರ ಮಕ್ಕಳ ಮೇಲೆ, ಮೊಮ್ಮಕ್ಕಳ ಮೇಲೆ ಬಿಡುತ್ತ ಹೋದರೆ ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಮರಿಗಳು ಸೊರಗುತ್ತವೆ. ವರ್ಷಕ್ಕೊಮ್ಮೆ ಹುಂಜ ಬದಲಾಗಬೇಕು. ಆದುದರಿಂದ ತಳಿ ಉಳಿಸುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ.

ಕಾವಿಗೆ ಕೂರಿಸುವುದು ಈ ತಳಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ. ಯಂತ್ರದ ನೆರವಿಲ್ಲದೆ ತನ್ನ ವಂಶವನ್ನು ತಾನೇ ಬೆಳೆಸಬಲ್ಲ ಕೋಳಿ ಇದು. ಹೆಚ್ಚು ಮೊಟ್ಟೆ ಇಡಲೆಂದು ರೂಪಿಸಿದ ತಳಿಗಳಲ್ಲಿ ಕಾವು ಕೂರುವ ಬುದ್ಧಿಯನ್ನೇ ಆಯ್ಕೆಯಿಂದ ತೆಗೆದುಹಾಕಿದ್ದಾರೆ. ಕಾವು ಕುಳಿತ ಕೋಳಿ ಮೊಟ್ಟೆ ಇಡುವುದಿಲ್ಲವಷ್ಟೆ. ಅಂತಹ ಕೋಳಿ ಸಾಕಿದವನು ಪ್ರತಿ ಸಲವೂ ಮರಿಗಾಗಿ ಹ್ಯಾಚರಿಯ ಬಾಗಿಲಿಗೇ ಹೋಗಬೇಕು. ತಲಶ್ಶೇರಿ ಹೇಂಟೆ ಹದಿನೈದರ ಹತ್ತಿರ ಮೊಟ್ಟೆ ಇಟ್ಟ ಮೇಲೆ ಗೂಡು ಬಿಡದೆ ಕುಳಿತು, ಕೈ ಹಾಕಿದರೆ ಗರಿ ಕೆದರಿ ಗುರುಗುಟ್ಟತೊಡಗುತ್ತದೆ. ತುಳುವಿನಲ್ಲಿ ಪೆರಡೆ, ಮಲೆಯಾಳದಲ್ಲಿ ಪಿಡ, ನಮ್ಮ ಕನ್ನಡದಲ್ಲಿ ಹೇಂಟೆ. ಹೆಸರು ಬೇರೆಯಾದರೂ ಮೂರು ಭಾಷೆಯ ಮನೆಗಳಲ್ಲಿಯೂ ಆ ಗುರುಗುಟ್ಟುವಿಕೆ ಕೇಳಿದ ಹೆಂಗಸರು ಅದರ ಅರ್ಥವನ್ನು ಕೂಡಲೇ ತಿಳಿಯುತ್ತಾರೆ.

ಕಾವಿಗೆ ಇಡುವ ಮೊಟ್ಟೆ ಹತ್ತು ದಿನಕ್ಕಿಂತ ಹಳೆಯದಾಗಬಾರದು. ವಾರದ ಒಳಗಿನದಾದರೆ ಉತ್ತಮ. ತೀರ ದೊಡ್ಡದು, ತೀರ ಸಣ್ಣದು, ಸೊಟ್ಟಗಿನದು, ಸಿಪ್ಪೆ ತೆಳುವಾದದ್ದು ಬೇಡ. ತೊಳೆಯಬಾರದು, ತೊಳೆದರೆ ಸಿಪ್ಪೆಯ ಮೇಲಿನ ರಕ್ಷಕ ಪೊರೆ ಹೋಗುತ್ತದೆ. ಒಂದು ಹೇಂಟೆಯ ಮೈಯಡಿಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಹಳೆಯ ಕುಕ್ಕೆಯಲ್ಲಿ ಒಣಗಿದ ಮರಳು, ಅದರ ಮೇಲೆ ಬೈಹುಲ್ಲು, ನಡುವೆ ಒಂದು ಹಿಡಿ ನೆಕ್ಕಿ ಸೊಪ್ಪು. ನೆಕ್ಕಿಯ ವಾಸನೆಗೆ ಹೇನು ದೂರವಿರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ರಾತ್ರಿ ಹೊತ್ತಿನಲ್ಲಿ ಕೂರಿಸಿದರೆ ಹೇಂಟೆ ಗಲಿಬಿಲಿಗೊಳ್ಳುವುದಿಲ್ಲ. ದಿನಕ್ಕೊಮ್ಮೆ ಕಾಲು ಗಂಟೆ, ಇಪ್ಪತ್ತು ನಿಮಿಷ ಅದು ತಾನಾಗಿ ಇಳಿದು ಬಂದು, ತಿಂದು ನೀರು ಕುಡಿದು, ಬೂದಿಯಲ್ಲಿ ಹೊರಳಿ ಹಿಂದಿರುಗುತ್ತದೆ. ಅಷ್ಟು ಹೊತ್ತು ಮೊಟ್ಟೆ ತಣಿದರೆ ಭಯವಿಲ್ಲ. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು ನೋಡಿರಿ. ಜೇಡನ ಬಲೆಯಂತೆ ಕೆಂಪು ನರಗಳು ಹರಡಿದ್ದರೆ ಒಳಗೆ ಜೀವವಿದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ತೆಗೆದುಬಿಡಬಹುದು. ನಾನು ಈ ಪರೀಕ್ಷೆಗೆ ನೆರೆಹೊರೆಯ ಮಕ್ಕಳನ್ನು ಕರೆಯುತ್ತೇನೆ. ಯಾವ ಪಠ್ಯಪುಸ್ತಕದ ಚಿತ್ರವೂ ಆ ಒಂದು ನಿಮಿಷಕ್ಕೆ ಸಾಟಿಯಲ್ಲ. ಇಪ್ಪತ್ತೊಂದನೆಯ ದಿನ ಮರಿ ಹೊರಬರುತ್ತದೆ.

ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂದು ಕುಕ್ಕೆಯಲ್ಲಿ ಕಬ್ಬಿಣದ ತುಂಡು, ಇದ್ದಿಲು ಇಡುವ ಪದ್ಧತಿ ನಮ್ಮಲ್ಲಿ ಇದೆ. ಕೆಡುವುದು ನಿಜ, ಕಾರಣ ಮಾತ್ರ ಬೇರೆ. ಗುಡುಗು ಬರುವುದು ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ. ಕಾವಿಗೆ ಇಡುವ ಮೊದಲೇ ಅಟ್ಟದ ಬಿಸಿಯಲ್ಲಿ ಇಟ್ಟಿದ್ದ ಮೊಟ್ಟೆಯೊಳಗೆ ಭ್ರೂಣ ಅರೆಬರೆಯಾಗಿ ಬೆಳೆಯತೊಡಗಿ ಸಾಯುತ್ತದೆ. ಕಬ್ಬಿಣ ಇಡುವುದಕ್ಕೆ ಬದಲಾಗಿ ಮೊಟ್ಟೆಯನ್ನು ನೀರಿನ ಮಣ್ಣಿನ ಹರವಿಯ ಬುಡದಲ್ಲಿ, ತಂಪಾದ ಮರಳಿನ ಮೇಲೆ ಇಟ್ಟರೆ ಉಪಕಾರವಾದೀತು. ಮರಿ ಬೇಡವೆಂದಾಗ ಕಾವು ಬಿಡಿಸಲು ಕೋಳಿಯನ್ನು ನೀರಿಗೆ ಅದ್ದುವುದು, ಮೂಗಿಗೆ ಗರಿ ಚುಚ್ಚುವುದು ಬರಿಯ ಹಿಂಸೆ. ತಳದಲ್ಲಿ ಗಾಳಿಯಾಡುವ ಪಂಜರದಲ್ಲಿ ಮೂರು ನಾಲ್ಕು ದಿನ, ನೀರು ಆಹಾರ ಕೊಟ್ಟು ಕೂಡಿಹಾಕಿದರೆ ತಾನೇ ಬಿಡುತ್ತದೆ.

ಮರಿಗಳ ಮೊದಲ ಆರು ವಾರವೇ ಕಠಿಣ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಉಳಿಕೆ ಇರುವುದರಿಂದ ಮೊದಲ ದಿನ ಆಹಾರಕ್ಕೆ ಅವಸರ ಬೇಡ. ಬಳಿಕ ಅಕ್ಕಿಯ ನುಚ್ಚು, ತೌಡು, ಮತ್ತು ಗೆದ್ದಲು. ಗೆದ್ದಲು ಹಿಡಿಯುವ ಹಳೆಯ ಉಪಾಯ ಮರೆತವರಿಗಾಗಿ ಬರೆಯುತ್ತೇನೆ: ಒಡಕು ಮಡಕೆಯೊಳಗೆ ಒದ್ದೆ ಬೈಹುಲ್ಲು, ಒಣ ಸೆಗಣಿ, ತೆಂಗಿನ ಸಿಪ್ಪೆಯ ಚೂರು ತುಂಬಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲಾಗಿ ಇಡುವುದು. ಬೆಳಿಗ್ಗೆ ಬಿಸಿಲೇರುವ ಮೊದಲು ಎತ್ತಿ ಮರಿಗಳ ಮುಂದೆ ಕೊಡವುವುದು. ಕಾಸು ಖರ್ಚಿಲ್ಲದೆ ಇಷ್ಟು ಉತ್ತಮವಾದ ಸಸಾರಜನಕ ಯಾವ ಚೀಲದಲ್ಲಿಯೂ ಬರುವುದಿಲ್ಲ. ಮೊದಲ ಮೂರು ವಾರ ತಾಯಿಯನ್ನೂ ಮರಿಗಳನ್ನೂ ಬಲೆಯೊಳಗೆ ಇಡುವುದು ಲೇಸು. ಕಾಗೆ, ಕೆಂಬೂತ, ಗಿಡುಗ, ಬೆಕ್ಕು ಎಲ್ಲಕ್ಕೂ ಆ ವಯಸ್ಸಿನ ಮರಿ ಒಂದು ತುತ್ತು.

ಬಿಟ್ಟು ಮೇಯಿಸುವುದಕ್ಕೆ ಬರೋಣ. ನನ್ನ ಬಾಲ್ಯದಲ್ಲಿ ‘ಬಿಟ್ಟು ಮೇಯಿಸುವುದು’ ಎಂಬ ಮಾತೇ ಇರಲಿಲ್ಲ. ಕೋಳಿ ಎಂದರೆ ಬಿಟ್ಟದ್ದೇ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡೆ, ಗೇರು ಹಿತ್ತಲು, ಗದ್ದೆ. ಇಂದು ಹತ್ತು ಸೆಂಟ್ಸಿಗೊಂದು ಮನೆ, ಕೆಂಪುಕಲ್ಲಿನ ಆವರಣ, ಸಿಮೆಂಟಿನ ಅಂಗಳ. ಗುಡ್ಡೆಗಳು ರಬ್ಬರು ತೋಟಗಳಾಗಿವೆ. ರಬ್ಬರಿನ ಬುಡದಲ್ಲಿ ಕೋಳಿಗೆ ಕೆದಕಲು ಸಿಗುವುದು ಕಡಿಮೆ. ಅಡಿಕೆ ತೋಟ ಮಾತ್ರ ಇಂದಿಗೂ ಕೋಳಿಯ ಸ್ವರ್ಗ. ಬುಡಕ್ಕೆ ಹಾಕಿದ ಸೊಪ್ಪು ಗೊಬ್ಬರದಲ್ಲಿ ಹುಳುಹುಪ್ಪಟೆ, ಎರೆಹುಳು, ಮೇಲೆ ನೆರಳು. ಸೋಗೆಗಳ ಮರೆಯಲ್ಲಿ ಗಿಡುಗಕ್ಕೆ ಕರಿಯ ಕೋಳಿ ಬೇಗ ಕಣ್ಣಿಗೆ ಬೀಳುವುದಿಲ್ಲ. ನನ್ನ ತೋಟದಲ್ಲಿ ಬಿಳಿಯ ಕೋಳಿಗಳೂ ಕೆಲಕಾಲ ಇದ್ದುವು. ಗಿಡುಗಕ್ಕೆ ಬಲಿಯಾಗುವುದರಲ್ಲಿ ಅವೇ ಮೊದಲಿನವು. ಆದರೆ ಹೊಸದಾಗಿ ನೆಟ್ಟ ಕಾಳುಮೆಣಸಿನ ಬಳ್ಳಿ, ತರಕಾರಿ ಸಾಲು ಇರುವಲ್ಲಿ ಬಲೆ ಕಟ್ಟದಿದ್ದರೆ ಮನೆಯೊಳಗೆ ಶಾಂತಿ ಉಳಿಯದು. ನೆರೆಯವರ ಬಸಳೆ ಚಪ್ಪರದ ವಿಷಯದಲ್ಲಂತೂ ಕೋಳಿ ಸಾಕುವವನು ಮೊದಲೇ ಹೋಗಿ ಮಾತನಾಡಿಕೊಳ್ಳಬೇಕು.

ಕೀಟ ತಿನ್ನುವ ಕೋಳಿಯ ತೋಟದಲ್ಲಿ ವಿಷ ಸಿಂಪಡಿಸುವಂತಿಲ್ಲ. ಈ ಮಾತನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು, ಅಷ್ಟರೊಳಗೆ ಎಷ್ಟೋ ಮನೆಗಳ ಮಕ್ಕಳು ಅನುಭವಿಸಿದ್ದು, ಇವುಗಳನ್ನು ಬಲ್ಲ ಅಧ್ಯಾಪಕನಾಗಿ ನಾನು ಹೆಚ್ಚು ಬರೆಯಲಾರೆ.

ಬೆಳಿಗ್ಗೆ ಗೂಡು ಬಿಡುವಾಗ ಆಹಾರ ಸ್ವಲ್ಪ, ಸಂಜೆ ಹೆಚ್ಚು. ಹೊಟ್ಟೆ ತುಂಬಿಸಿ ಬಿಟ್ಟ ಕೋಳಿ ಮೇಯುವುದಿಲ್ಲ. ಸಂಜೆ ಏನೂ ಕೊಡದಿದ್ದರೆ ಗೂಡಿಗೆ ಬರುವುದಿಲ್ಲ, ಮರವೇರುತ್ತದೆ. ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ಮರುವಾಯಿ ಚಿಪ್ಪನ್ನು ಕುಟ್ಟಿ ಪುಡಿಮಾಡಿ ಒಂದು ಗೆರಟೆಯಲ್ಲಿ ಇಟ್ಟರೆ ಬೇಕಾದಷ್ಟನ್ನು ತಾವೇ ತಿನ್ನುತ್ತವೆ. ಗೂಡು ನೆಲದಿಂದ ಮೂರಡಿ ಮೇಲಿರಲಿ, ತಳಕ್ಕೆ ಅಡಿಕೆ ಮರದ ಸಲಾಕೆಗಳನ್ನು ಹಿಕ್ಕೆ ಕೆಳಗೆ ಬೀಳುವಷ್ಟು ಸಂದಿ ಬಿಟ್ಟು ಜೋಡಿಸಿ. ಮುಂಗುಸಿ ಹಗಲಿನ ಕಳ್ಳ, ಕಾಡುಬೆಕ್ಕು ಮತ್ತು ನರಿ ರಾತ್ರಿಯವು, ಹೆಬ್ಬಾವಿಗೆ ಹೊತ್ತುಗೊತ್ತಿಲ್ಲ. ಆದರೆ ಈಗೀಗ ಇವೆಲ್ಲಕ್ಕಿಂತ ಹೆಚ್ಚು ಕೋಳಿ ಕೊಲ್ಲುವುದು ಯಾರೂ ಸಾಕದ ನಾಯಿಗಳ ಹಿಂಡು. ಸಂಜೆ ಎಣಿಸಿ ಬಾಗಿಲು ಹಾಕುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ಗೊತ್ತುಮಾಡಿ ಒಪ್ಪಿಸಿಬಿಡಿ. ‘ಯಾರಾದರೂ ಹಾಕುತ್ತಾರೆ’ ಎಂದುಕೊಂಡ ಮನೆಯಲ್ಲಿ ಕೋಳಿ ಉಳಿಯುವುದಿಲ್ಲ.

ನಮ್ಮದು ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಾಡು. ಆಟಿ ತಿಂಗಳಲ್ಲಿ ಹೊರಗೆ ಬಿಡುವುದೇ ಕಷ್ಟ. ಒದ್ದೆ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ಹತ್ತುತ್ತದೆ. ಆ ಕಾಲಕ್ಕೆ ಮರಿ ಇರದಂತೆ ನೋಡಿಕೊಳ್ಳುವುದೇ ಒಳ್ಳೆಯ ಚಿಕಿತ್ಸೆ. ಮಳೆ ಬಿಟ್ಟು ನೆಲ ಒಣಗಿದ ಮೇಲೆ ಕಾವಿಗೆ ಇಟ್ಟ ಮರಿಗಳೇ ಚೆನ್ನಾಗಿ ಬೆಳೆಯುತ್ತವೆ.

ಎಲ್ಲಕ್ಕಿಂತ ದೊಡ್ಡ ಶತ್ರು ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಗುರುತಿಸಲ್ಪಟ್ಟ ಈ ರೋಗ ಮರುವರ್ಷ ಕುಮಾವೂ ಬೆಟ್ಟಗಳ ರಾಣಿಖೇತದಲ್ಲಿ ಕಂಡುಬಂದುದರಿಂದ ನಮ್ಮ ದೇಶದಲ್ಲಿ ಅದಕ್ಕೆ ರಾಣಿಖೇತ ರೋಗವೆಂದೇ ಹೆಸರಾಯಿತು. ಹಸಿರು ಭೇದಿ, ಉಬ್ಬಸ, ಕತ್ತು ತಿರುಚುವಿಕೆ ಇದರ ಲಕ್ಷಣ. ಬಂದ ಮೇಲೆ ಮದ್ದಿಲ್ಲ. ಒಂದು ವಾರದಲ್ಲಿ ಓಣಿಯ ಗೂಡುಗಳೆಲ್ಲ ಖಾಲಿ. ನಾಡಕೋಳಿಗೆ ರೋಗವೇ ಬರುವುದಿಲ್ಲ ಎಂದು ಹೆಮ್ಮೆಪಡುವವರು ಈ ಒಂದು ರೋಗದ ಮುಂದೆ ಸೋಲುತ್ತಾರೆ. ಲಸಿಕೆ ಮಾತ್ರ ದಾರಿ: ಐದರಿಂದ ಏಳನೆಯ ದಿನದೊಳಗೆ ಲಸೋಟ ಅಥವಾ ಎಫ್ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕನೆಯ ವಾರದ ಹೊತ್ತಿಗೆ ಮತ್ತೊಮ್ಮೆ ಲಸೋಟ, ಎಂಟನೆಯ ವಾರದಲ್ಲಿ ಆರ್-ಟು-ಬಿ ಚುಚ್ಚುಮದ್ದು. ಕ್ರಮವನ್ನು ಪಶುವೈದ್ಯರಲ್ಲಿ ಕೇಳಿಯೇ ನಿಶ್ಚಯಿಸಿ. ಲಸಿಕೆಯ ಸೀಸೆ ನೂರು ಕೋಳಿಗಳ ಲೆಕ್ಕದ್ದು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ತಂಪು ತಪ್ಪಿದರೆ ಅದು ಬರಿಯ ನೀರು. ಆರು ಕೋಳಿ ಇರುವ ಮನೆಯವಳು ಒಬ್ಬಳೇ ತರುವಂತಿಲ್ಲ. ನಮ್ಮ ಓಣಿಯಲ್ಲಿ ಕುಟುಂಬಶ್ರೀ ಘಟಕದ ಹೆಂಗಸರು ಮೊದಲೇ ದಿನ ಗೊತ್ತುಮಾಡಿ, ಬರ್ಫದ ಡಬ್ಬದಲ್ಲಿ ತರಿಸಿ, ಮನೆಯಿಂದ ಮನೆಗೆ ಹೋಗಿ ಹಾಕುತ್ತಾರೆ. ಸಂಜೆ ಕೋಳಿ ಗೂಡು ಸೇರಿದ ಮೇಲೆ ಹೋದರೆ ಹಿಡಿಯಲು ಓಡಬೇಕಾಗಿಲ್ಲ.

ಲೆಕ್ಕದ ಮಾತು. ಮೊಟ್ಟೆಗಾಗಿಯೇ ರೂಪಿಸಿದ ಮಿಶ್ರತಳಿ ಕೋಳಿ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುವಾಗ ಎಪ್ಪತ್ತು ಇಡುವ ಕೋಳಿಯನ್ನು ಏಕೆ ಸಾಕಬೇಕು? ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಿರಿರಾಜ, ಮಣ್ಣುತ್ತಿಯ ಗ್ರಾಮಲಕ್ಷ್ಮಿ ಮೊದಲಾದವು ಹಿತ್ತಲಿಗೆಂದೇ ಬಂದ ಒಳ್ಳೆಯ ಕೋಳಿಗಳು. ಅವುಗಳಿಂದ ಬಡವರ ಮನೆಗೆ ಮೊಟ್ಟೆ ಬಂದಿದೆ. ಅವನ್ನು ನಾನು ಹಳಿಯುವುದಿಲ್ಲ. ಮೊಟ್ಟೆಯ ವ್ಯಾಪಾರವೇ ಉದ್ದೇಶವಾದರೆ ಅವನ್ನೇ ಸಾಕಬೇಕು. ಆದರೆ ಮುನ್ನೂರು ಮೊಟ್ಟೆ ಪುಕ್ಕಟೆಯಾಗಿ ಬರುವುದಿಲ್ಲ. ಅಷ್ಟಕ್ಕೆ ತಕ್ಕ ಆಹಾರವನ್ನು ದುಡ್ಡು ಕೊಟ್ಟು ತರಬೇಕು, ಮತ್ತೆ ಮತ್ತೆ ಮರಿ ಕೊಳ್ಳಬೇಕು. ತಲಶ್ಶೇರಿ ಕೋಳಿ ತನ್ನ ಆಹಾರದ ಬಹುಪಾಲನ್ನು ತಾನೇ ಹುಡುಕುತ್ತದೆ, ತನ್ನ ಮರಿಯನ್ನು ತಾನೇ ಮಾಡುತ್ತದೆ, ಅದರ ಮೊಟ್ಟೆಗೂ ಹುಂಜಕ್ಕೂ ಪೇಟೆಯ ಬೆಲೆಗಿಂತ ಹೆಚ್ಚು ಬೆಲೆ ಬರುತ್ತದೆ. ಕಡಿಮೆ ಖರ್ಚು, ಕಡಿಮೆ ಆದಾಯ, ಆದರೆ ನಿಲ್ಲದ ಆದಾಯ. ನಮ್ಮ ಕಾಲದಲ್ಲಿ ಎಷ್ಟೋ ಮಕ್ಕಳ ಸ್ಲೇಟು, ಕಾಪಿಪುಸ್ತಕ ಬಂದದ್ದು ತಾಯಂದಿರ ಕೋಳಿಮೊಟ್ಟೆಯ ದುಡ್ಡಿನಿಂದ ಎಂಬುದನ್ನು ಹಾಜರಿ ಪುಸ್ತಕ ಬರೆದ ನಾನು ಬಲ್ಲೆ. ಆ ದುಡ್ಡಿಗೆ ಮನೆಯ ಗಂಡಸರು ಕೈಹಾಕುತ್ತಿರಲಿಲ್ಲ.

ಜೂಜಿಗೆ ಕೋಳಿ ಬೇಕೆಂದು ನನ್ನಲ್ಲಿಗೆ ಬಂದವರೂ ಇದ್ದಾರೆ. ಬರಿಗೈಯಲ್ಲಿ ಕಳುಹಿಸಿದ್ದೇನೆ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧ. ಜನ್ನ ಕವಿಯ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದಕ್ಕೇ ತಾಯಿ ಮಗ ಜನ್ಮಜನ್ಮಾಂತರ ಅಲೆದು, ಕೊನೆಗೆ ಕೋಳಿಗಳಾಗಿಯೂ ಹುಟ್ಟುತ್ತಾರೆ. ಕಾಲಿಗೆ ಬಾಳು ಕಟ್ಟುವವರು ಅದನ್ನು ಓದಿರಲಾರರು.

2020ರ ಮಾರ್ಚಿನಲ್ಲಿ ಕೋಝಿಕ್ಕೋಡು ಜಿಲ್ಲೆಯಲ್ಲಿ, ಬೆನ್ನಿಗೇ ಮಲಪ್ಪುರಂ ಜಿಲ್ಲೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ನಿಯಮದಂತೆ ರೋಗ ಕಂಡ ಸ್ಥಳದಿಂದ ಒಂದು ಕಿಲೋಮೀಟರ್ ಸುತ್ತಳತೆಯೊಳಗಿನ ಸಾಕುಹಕ್ಕಿಗಳನ್ನೆಲ್ಲ ಕೊಂದು ಸುಟ್ಟರು. ಮನುಷ್ಯರ ಕ್ಷೇಮಕ್ಕಾಗಿ ಅದು ಅಗತ್ಯ, ತಕರಾರಿಲ್ಲ. ಆದರೆ ಆ ಎರಡೂ ಜಿಲ್ಲೆಗಳು ಈ ತಳಿಯ ತವರು ಎಂಬುದನ್ನು ಗಮನಿಸಬೇಕು. ಕೊಲ್ಲುವವರು ತಳಿ ನೋಡಿ ಬಿಡುವಂತಿಲ್ಲ, ಬಿಡಲೂಬಾರದು. ಮಿಶ್ರತಳಿ ಕೋಳಿ ಹೋದರೆ ಪರಿಹಾರಧನದಲ್ಲಿ ಮತ್ತೆ ಮರಿ ತರಬಹುದು. ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಶುದ್ಧ ಹಿಂಡು ಒಂದು ಮಧ್ಯಾಹ್ನ ಹೋದರೆ ಅದನ್ನು ಯಾವ ಅಂಗಡಿಯಿಂದ ತರುವುದು? ಆ ವಾರ ಪತ್ರಿಕೆ ಓದುತ್ತ ನನಗೆ ಅನಿಸಿದ್ದೆಂದರೆ, ಒಂದೇ ಕಡೆ ನೂರು ಕೋಳಿ ಇರುವುದಕ್ಕಿಂತ ದೂರದೂರದ ಹತ್ತು ಮನೆಗಳಲ್ಲಿ ಹತ್ತು ಹತ್ತು ಇರುವುದು ಮೇಲು. ಸಂಶೋಧನಾ ಕೇಂದ್ರದ ಹಿಂಡು ಎಷ್ಟೇ ಚೆನ್ನಾಗಿದ್ದರೂ ಅದು ಒಂದೇ ಸ್ಥಳ. ತವರಿನಿಂದ ಉತ್ತರಕ್ಕೆ, ನಮ್ಮ ಚಂದ್ರಗಿರಿ ಹೊಳೆಯ ಈಚೆಗೆ ಇರುವ ಮನೆಗಳು ಈ ಕೆಲಸಕ್ಕೆ ಅನುಕೂಲವಾದ ದೂರದಲ್ಲಿವೆ.

ಆ ವರ್ಷದ ಮಳೆಗಾಲ ಕಳೆದ ಮೇಲೆ ನಾನು ನನ್ನ ಹಿಂಡನ್ನು ಹಂಚತೊಡಗಿದೆ. ಈಗ ಐದು ಮನೆಗಳಲ್ಲಿವೆ. ನಾಲ್ಕು ನಮ್ಮ ಶಾಲೆಯ ಹಳೆವಿದ್ಯಾರ್ಥಿಗಳವು; ಒಂದು, ಮಲೆಯಾಳ ಮಾತಾಡುವ ನಿವೃತ್ತ ಅಂಚೆಯವರದು. ಪ್ರತಿ ಮನೆಯಲ್ಲಿ ಒಂದು ಕಾಪಿಪುಸ್ತಕ: ಯಾವ ಹೇಂಟೆ, ಯಾವ ಹುಂಜ, ಎಂದು ಕಾವಿಗೆ ಇಟ್ಟದ್ದು, ಎಷ್ಟು ಮರಿ, ಜುಟ್ಟು ಹೇಗೆ, ಎಷ್ಟು ಸತ್ತವು, ಏತರಿಂದ. ಹುಂಜಗಳು ವರ್ಷಕ್ಕೊಮ್ಮೆ ಒಂದು ಮನೆಯಿಂದ ಮುಂದಿನ ಮನೆಗೆ ಹೋಗುತ್ತವೆ, ಸುತ್ತು ಹಾಕಿದಂತೆ. ಯಾವ ಮನೆಯ ಹುಂಜವೂ ತನ್ನ ಮಕ್ಕಳ ಹಿಂಡಿಗೆ ಐದು ವರ್ಷದ ಮೊದಲು ಹಿಂದಿರುಗಬಾರದೆಂಬುದು ನಿಯಮ. ಹುಂಜ ಹೊಸ ಮನೆಗೆ ಹೋದಾಗ ಎರಡು ವಾರ ಪ್ರತ್ಯೇಕ ಇಡಬೇಕು. ರೋಗವನ್ನು ಹೊತ್ತು ತಂದೀತು.

ಸೇರಲು ಇಚ್ಛಿಸುವವರಿಗೆ ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಕಾವಿನ ಮೊಟ್ಟೆ ಕೊಡಲು ಅಡ್ಡಿಯಿಲ್ಲ. ಮೊಟ್ಟೆಗೆ ದುಡ್ಡು ಬೇಡ. ಬೇರೆ ಹುಂಜ ಮನೆಯಲ್ಲಿರಬಾರದು, ಲಸಿಕೆ ತಪ್ಪಿಸಬಾರದು, ಪುಸ್ತಕ ಬರೆಯಬೇಕು, ಮುಂದಿನ ವರ್ಷ ಒಂದು ಹುಂಜಮರಿಯನ್ನು ಸುತ್ತಿಗೆ ಬಿಟ್ಟುಕೊಡಬೇಕು. ಕಾವು ಕೂತ ಹೇಂಟೆ ಇಲ್ಲದವರು ಮೊಟ್ಟೆ ಒಯ್ಯುವ ಮೊದಲು ನೆರೆಮನೆಯಲ್ಲಿ ವಿಚಾರಿಸಿಕೊಂಡು ಬನ್ನಿ. ಯಾವ ಜಾತಿಯ ಹೇಂಟೆಯಾದರೂ ಸರಿ, ಕೂತರೆ ಸಾಕು. ಮೊಟ್ಟೆ ಯಾರದೆಂದು ಅದು ಕೇಳುವುದಿಲ್ಲ.